ನವಲಿಯ ಬಾಣಂತಿಯ ಕಾಲುಂಗುರ

ಬಾಣಂತಿ ದುರಗಮ್ಮನ ಕಾಲುಂಗುರಗಳು ಕಾಣೆಯಾದ ಸುದ್ದಿಗೆ ನವಲಿಯಲ್ಲಿ ಹಗಲಲ್ಲೇ ಬಾಗಿಲುಗಳು ಮುಚ್ಚಿದವು. ಯಾರೋ ಮಾಟಕ್ಕೆ ಒಯ್ದಿದ್ದಾರೆ, ಅದಕ್ಕೇ ಅವಳು ಮಲಗಿದರೆ ಎದೆಯ ಮೇಲೆ ಏನೋ ಕೂತು ಉಸಿರು ಹಿಂಡುತ್ತದೆ ಎಂಬುದು ಊರ ಮಾತು. ಕದ್ದವರು ಸಿಗದಿದ್ದರೆ ಸೊಸೆ ಉಳಿಯಳು ಎಂದು ಅತ್ತೆ ಮುದಕಮ್ಮ ಅಳುತ್ತಿದ್ದಳು. ಅನುಮಾನ ನೀರೆರೆಯಲು ಬರುವ ಇಮಾಮಬಾನುವಿನ ಮೇಲೆ— ಬಾಣಂತಿಯ ಕಾಲು ಮುಟ್ಟುವವಳು ಅವಳೊಬ್ಬಳೇ ತಾನೆ? ಇಮಾಮಬಾನುವೇ ಗಂಗಾವತಿಯ ಡಾಕ್ಟರ್ ಜಾಸ್ಮೀನರಿಗೆ ಫೋನ್ ಮಾಡಿದಳು.

ಡಾಕ್ಟರರ ಗಾಡಿ ಓಡಿಸುವವನು ನಾನು, ಗಿಡ್ಡಪ್ಪ. ಅಂದಿನ ನನ್ನ ಗಾಡಿಯ ಓಟಕ್ಕೆ ಕಾಲುವೆಯ ನೀರೇ ನಾಚಿ ನಿಂತಿತು. ನನ್ನ ಮೀಸೆ ಕಂಡು ದೆವ್ವಗಳು ಜಿಲ್ಲೆ ಬಿಟ್ಟಿವೆ ಎಂಬುದು ಕೊಪ್ಪಳದಿಂದ ಯಲಬುರ್ಗಾವರೆಗೂ ಗೊತ್ತಿರುವ ಮಾತು. ಆದರೂ ಆ ಹೊಗೆ ತುಂಬಿದ ಕೋಣೆಯ ಹೊಸ್ತಿಲಲ್ಲೇ ನಾನು ನಿಂತುಬಿಟ್ಟೆ. ದುರಗಮ್ಮ ಕೌದಿಗಳ ರಾಶಿಗೆ ಒರಗಿ ಕೂತಿದ್ದಳು. ತುಟಿ ನೀಲಿ. ಉಸಿರು ಸೀಟಿ ಹೊಡೆಯುತ್ತಿತ್ತು.

“ಕೌದಿ ಯಾಕ ಇಷ್ಟು ಒಟ್ಟೀರಿ?” ಜಾಸ್ಮೀನ ಕೇಳಿದರು.

“ಅಡ್ಡಾದ್ರ ದಮ್ಮು ಕಟ್ತೈತ್ರಿ. ಕುಂತ ನಿದ್ದಿ ಮಾಡ್ತಾಳ,” ಎಂದಳು ಮುದಕಮ್ಮ.

“ಚೊಚ್ಚಲ ಬಾಣಂತನ. ತವರಿಗೆ ಯಾಕ ಕಳಸಲಿಲ್ಲ?”

“ಅಲ್ಲಿ ಯಾರದಾರ್ರಿ? ಇಕಿ ಅವ್ವ ಬಾಣಂತಿ ಇದ್ದಾಗ ಹಿಂಗ ಉಸಿರು ಕಟ್ಟಿ ಸತ್ಲು. ಅದೇ ಗಾಳಿ ಈಗ ಮಗಳನ್ನ ಹಿಡದೈತಿ.”

ನಾನು ಬಾಗಿಲ ಕಂಬವನ್ನು ಅಪ್ಪಿಕೊಂಡೆ— ಹೆದರಿಕೆಗಲ್ಲ, ಕಂಬ ಬೀಳದಿರಲೆಂದು.

ಜಾಸ್ಮೀನ ಹೊದಿಕೆ ಸರಿಸಿ ದುರಗಮ್ಮನ ಪಾದವನ್ನು ಹೆಬ್ಬೆರಳಿಂದ ಒತ್ತಿದರು. ಬಿದ್ದ ಕುಳಿ ಹಾಗೇ ಉಳಿಯಿತು. ಕಾಲ್ಬೆರಳಿನ ಸುತ್ತ ಚರ್ಮ ಸುಲಿದಿತ್ತು.

“ಉಂಗುರ ನೀನೇ ತಗದೀ. ಹೌದಲ್ಲೊ?”

ದುರಗಮ್ಮ ಪಾದವನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಆಮೇಲೆ— “ಕಾಲು ಬಾತು ಕೊಯ್ಯಾಕ್ಹತ್ತಿದ್ವು, ಅಕ್ಕಾರ. ಎಣ್ಣಿ ಹಚ್ಚಿ ತಗದು ಕೂಸಿನ ಕುಲಾವ್ಯಾಗ ಹೊಲದಿಟ್ಟೆ. ಗಂಡ ಇದ್ದಾಗ ತಗದ್ರ ಅವಂಗ ಕೇಡಂತಾರ. ಹೇಳಾಕ ಅಂಜಿದೆ.”

ಮುದಕಮ್ಮ ಇಮಾಮಬಾನುವಿನ ಮುಖ ನೋಡಲಾರದೆ ಗೋಡೆಯತ್ತ ತಿರುಗಿದಳು.

“ಕಳ್ಳತನ ಬಗೀಹರೀತು,” ಎಂದರು ಜಾಸ್ಮೀನ. “ಕೊಲ್ಲಾಕ ಬಂದಾಂವ ಇನ್ನೂ ಎದಿಯೊಳಗ ಅದಾನ. ಎತ್ರಿ ಇಕಿನ್ನ.”

ಕೊಪ್ಪಳದ ಆಸ್ಪತ್ರೆಯಲ್ಲಿ ಔಷಧ ಹಿಡಿಯಿತು, ಬಾವು ಇಳಿಯಿತು. ದೂರದ ಲ್ಯಾಬಿಗೆ ಕಳಿಸಿದ್ದ ರಕ್ತದ ವಂಶವಾಹಿ ಪರೀಕ್ಷೆಯ ವರದಿ ಬಂದ ದಿನ ಜಾಸ್ಮೀನ ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು. ಊರೆಲ್ಲ ಉಂಗುರ ಹುಡುಕಿತ್ತು. ಉಂಗುರವಿಲ್ಲದ ಕಾಲನ್ನು ಯಾರೂ ನೋಡಿರಲಿಲ್ಲ. ಸೋತ ಹೃದಯ ರಕ್ತವನ್ನು ಪೂರ್ತಿ ತಳ್ಳಲಾರದೆ ಕಾಲಿಗೂ ಶ್ವಾಸಕೋಶಕ್ಕೂ ನೀರಿಳಿದಿತ್ತು.

“ಹಂಗಾದ್ರ ಮಾಡ್ದವ್ರು ಯಾರ್ರಿ?” ಮುದಕಮ್ಮ ಪಟ್ಟು ಬಿಡಲಿಲ್ಲ.

“ಟೈಟಿನ್ ಅಂತ ಹೆಸರು. ಮೈಯಾಗಿನ ಎಲ್ಲಾಕಿಂತ ದೊಡ್ಡ ಪ್ರೊಟೀನು. ಸ್ನಾಯುವಿನ ಒಂದೊಂದು ಜೀವಕೋಶದಾಗೂ ಸ್ಪ್ರಿಂಗಿನಂಗ ಇರತೈತಿ. ಎಳಿಗಳನ್ನ ಜಾಗಾ ಬಿಡದಂಗ ಹಿಡೀತೈತಿ, ಹಿಗ್ಗಿದ್ದನ್ನ ಮತ್ತ ಎಳೀತೈತಿ. ಇಕಿಗೆ ಹುಟ್ಟಿನಿಂದ ಅದರಾಗ ಒಂದು ಪಾಲು ಅರ್ಧಕ್ಕ ತುಂಡು. ಬಸರಿನ ಭಾರ ಬಿದ್ದ ಕೂಡ್ಲೇ ಹೃದಯ ಜೋತುಬಿತ್ತು. ಬಹುಶಃ ಅವ್ವನಿಂದ ಬಂದಿರಬೇಕು. ಆಕಿನ್ನ ಕೊಂದದ್ದೂ ಗಾಳಿ ಅಲ್ಲ.”

ದುರಗಮ್ಮ ತಟ್ಟನೆ ಎದ್ದು ಕೂತಳು. “ಅಕ್ಕಾರ, ನನ್ನ ತಂಗಿ ಅನುಸೂಯಾ ಕುಷ್ಟಗ್ಯಾಗ ಅದಾಳ. ತುಂಬು ಬಸರಿ.”

ಜಾಸ್ಮೀನ ಆಗಲೇ ಮೆಟ್ಟಿಲು ಇಳಿಯುತ್ತಿದ್ದರು. ನಾನು ಗಾಡಿಯನ್ನು ಕುಷ್ಟಗಿಯ ಕಡೆ ತಿರುಗಿಸಿದೆ; ಆ ದಿನದ ಓಟದ ಬಗ್ಗೆ ಮಾತ್ರ ಜಂಬ ಕೊಚ್ಚಲಾರೆ.