ನಾಲಿಗೆಯ ಕರೆಂಟು

“ಹತ್ರ ಬರಬ್ಯಾಡ…”

ಹೊನ್ನಾವರ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಗಂಡ ಆಡಿದ ಮೊದಲ ಮಾತು ಅದು. ಕೈಚೀಲಕ್ಕೆಂದು ಚಾಚಿದ ರಂಜಿತಾಳ ಕೈ ಗಾಳಿಯಲ್ಲೇ ನಿಂತಿತು.

ವಿನೋದನಿಗೆ ನಾಲಿಗೆಯ ಕ್ಯಾನ್ಸರ್. ಮಂಗಳೂರಿನ ಆಸ್ಪತ್ರೆಯಲ್ಲಿ ನಾಲಿಗೆಗೇ ಸಣ್ಣ ನಳಿಕೆ ಚುಚ್ಚಿ, ಒಳಗಿನಿಂದಲೇ ವಿಕಿರಣ ಕೊಟ್ಟಿದ್ದರು. ಊರವರ ಬಾಯಲ್ಲಿ ಅದು ‘ಕರೆಂಟು ಕೊಡೂದು’. ಬಸುರಿ ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ಅಣ್ಣ ಮಂಜನ ಜೊತೆ ಹೋಗಿಬಂದಿದ್ದ.

ಮನೆಗೆ ಬಂದವನು ಜಗಲಿಯಲ್ಲೇ ಮಲಗಿದ. ಗಂಜಿ ಕುಡಿದ ತಟ್ಟೆಯನ್ನು ತಾನೇ ತೊಳೆದಿಟ್ಟ.

ಗಂಡ ಉಂಡ ತಟ್ಟೆಯಲ್ಲೇ ಹೆಂಡತಿ ಉಣ್ಣುವುದು ಆ ಮನೆಯ ರೂಢಿ. ಅವಳಿಗೆಂದೇ ಅವನು ಮೀನಿನ ನಡುತುಂಡು ಉಳಿಸುತ್ತಿದ್ದ. ಈಗ ಬೋರಲು ಹಾಕಿದ ತಟ್ಟೆ ಕಂಡಾಗೆಲ್ಲ ಅವಳಿಗೆ ಒಂದೇ ಯೋಚನೆ.

‘ಡಾಕ್ಟರು ಕೈಬಿಟ್ಟಿರಬೇಕು… ಇವರು ನನಗೆ ಅಗಲಿಕೆಯನ್ನು ಈಗಿನಿಂದಲೇ ರೂಢಿ ಮಾಡಿಸುತ್ತಿದ್ದಾರಾ?’

ಅತ್ತೆ ಮಾಸ್ತಮ್ಮನನ್ನು ಕೇಳಿದರೆ, ಬಾಯಿಯ ಹುಣ್ಣು ಮಾಯುವತನಕ ಸುಮ್ಮನಿರು ಎಂದಳು. ಆದರೆ ಅತ್ತೆಯ ಕಣ್ಣಲ್ಲೂ ಹೆದರಿಕೆಯಿತ್ತು.

ಒಂದು ಮಧ್ಯಾಹ್ನ ಅವನು ನೀರಿಗೆಂದು ಎದ್ದಾಗ ರಂಜಿತಾ ತಟ್ಟೆ ಎಳೆದುಕೊಂಡು ಉಳಿದ ಗಂಜಿಗೆ ಕೈಹಾಕಿದಳು. ಓಡಿಬಂದ ವಿನೋದ ತಟ್ಟೆಯನ್ನೇ ತಟ್ಟಿ ಬೀಳಿಸಿದ. ನೆಲದ ತುಂಬ ಗಂಜಿ.

“ಉಳಿಯೂದಿಲ್ಲ ಅಂತ ಬಾಯಿಬಿಟ್ಟು ಹೇಳಿ. ಹಿಂಗೆ ದೂರ ಮಾಡಿ ಕೊಲ್ಲಬ್ಯಾಡಿ,” ಎಂದು ಅವಳು ಬಿಕ್ಕಿದಳು.

ಊದಿದ ನಾಲಿಗೆ ತೊದಲಿತು. “ಅದಲ್ಲ… ಕರೆಂಟು ನನ್ ಎಂಜಲಲ್ಲಿದ್ರೆ… ಹೊಟ್ಟೇಲಿದ್ದ ಮಗೀಗೆ…”

ಇಷ್ಟು ದಿನ ಈ ಮನುಷ್ಯ ಹೆದರಿದ್ದು ತನ್ನ ಸಾವಿಗಲ್ಲ!

ರಂಜಿತಾ ಆಸ್ಪತ್ರೆಗೆ ಫೋನ್ ಮಾಡಿ, ಅವನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು. ಸಿಸ್ಟರ್ ಬಿಡಿಸಿ ಹೇಳಿದರು: ವಿಕಿರಣದ ಕಾಳು ತಂತಿಯ ತುದಿಯಲ್ಲಿ ಒಳಹೋಗಿ, ಪ್ರತಿ ಸಲವೂ ಯಂತ್ರಕ್ಕೇ ವಾಪಸಾಗಿದೆ, ನಳಿಕೆಗಳನ್ನೂ ತೆಗೆದಾಗಿದೆ. ಮೈಯಲ್ಲಾಗಲಿ ಎಂಜಲಲ್ಲಾಗಲಿ ಏನೂ ಉಳಿದಿಲ್ಲ, ಹೆಂಡತಿ ಮಗ್ಗುಲಲ್ಲೇ ಮಲಗಬಹುದು. ಗಡ್ಡೆ ಪೂರ್ತಿ ಹೋಗಿದೆಯೋ ಎಂಬುದು ಮಾತ್ರ ಮುಂದಿನ ತಪಾಸಣೆಯಲ್ಲೇ ತಿಳಿಯಬೇಕು.

ಆ ಕೊನೆಯ ಮಾತಿಗೆ ವಿನೋದ ಗೋಡೆಗೊರಗಿ ಕುಸಿದ. ರಂಜಿತಾ ಅವನಿಗೆ ಅಂಟಿಕೊಂಡೇ ಕುಳಿತಳು. ಈ ಸಲ ಅವನು ಸರಿಯಲಿಲ್ಲ.

“ನಂಗೆ ಹೆದ್ರಿಕೆ ಆತದೆ, ರಂಜಿ… ನೀನು ಬೇಕು ನಂಗೆ.”

“ನಂಗೂ ಹೆದ್ರಿಕೆಯೇ. ತಪಾಸಣೆಗೆ ನಾನೂ ಬರ್ತೆ.”

“ಬಸ್ಸಲ್ಲಿ ವಾಂತಿ ಮಾಡ್ತಿ ನೀನು.”

“ಮಾಡಿದ್ರೆ ನಿಮ್ ಮೈಮ್ಯಾಲೇ. ಪಕ್ಕದಲ್ಲೇ ಕೂತಿರ್ತ್ರಲ್ಲ.”