ಅವನ ಕಣ್ಣಿನ ಗುರುತು

"ಕೈ ತೆಗೀರಿ ಅಲ್ಲಿಂದ!"

ಬೆಟ್ಟದ ಮೇಲಿನ ಶೆಡ್ಡಿನ ಬಾಗಿಲಲ್ಲಿ ನಿಂತು ಹಾಗೆ ಕೂಗಿದವಳಿಗೆ ತನ್ನ ದನಿಯೇ ಅಪರಿಚಿತವೆನಿಸಿತು. ಎರಡು ವರ್ಷದಿಂದ ಅದು ಅಷ್ಟು ಮೇಲಕ್ಕೆ ಏರಿರಲಿಲ್ಲ.

ದೊಡ್ಡ ಟೆಲಿಸ್ಕೋಪಿನ ಪಕ್ಕ ಮೊಣಕಾಲೂರಿದ್ದ ಗಂಡಸು ಬೆಚ್ಚಿ ಎರಡೂ ಕೈ ಮೇಲೆತ್ತಿದ.

"ಕಳ್ಳ ಅಲ್ಲ ರೀ! ಕನ್ನಡಿ ರಿಪೇರಿಯವನು. ಕೆಳಗೆ ಲಾಡ್ಜಿನ ಅಕ್ಕ ಬರೋಕೆ ಹೇಳಿದ್ರು."

"ಕನ್ನಡಿ ಕೊಳವೆಯ ಬುಡದಲ್ಲಿದೆ. ನೀವು ಹಿಡಿದಿದ್ದು ಫೋಕಸ್ ಗುಂಡಿ."

"ಗೊತ್ತು."

"ಗೊತ್ತಿದ್ರೆ ಮುಟ್ಟಬೇಡಿ."

ಅವನು ಗುಂಡಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಗುಂಡಿಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಯಿತ್ತು. ಉಗುರು ಬಣ್ಣದ್ದು.

"ಆಯ್ತು, ಮುಟ್ಟಲ್ಲ" ಅಂದ. ಜಗಳ ಅಷ್ಟಕ್ಕೇ ಮುಗಿಯಿತು. ಜಗಳವಾಡುವಷ್ಟು ಶಕ್ತಿ ಅವಳಲ್ಲೂ ಇರಲಿಲ್ಲ.

ಲಾಡ್ಜು ಅವಳ ಗಂಡನ ಅಕ್ಕನದು. ಎಂಟು ಕೋಣೆ, ಒಂದು ಊಟದ ಹಾಲ್. ಮೋಡವಿಲ್ಲದ ರಾತ್ರಿಗಳಲ್ಲಿ ಪ್ರವಾಸಿಗರನ್ನು ಬೆಟ್ಟಕ್ಕೆ ಹತ್ತಿಸಿ ಆಕಾಶ ತೋರಿಸುವುದು ತಮ್ಮನ ಕೆಲಸವಾಗಿತ್ತು. ಒಂದು ಮಳೆಗಾಲ ಅವನು ಜ್ವರವೆಂದು ಮಲಗಿದ, ಹನ್ನೊಂದನೇ ದಿನ ಹೋದ. ಹನ್ನೆರಡನೇ ವಾರದಿಂದ ಆ ಕೆಲಸ ಹೆಂಡತಿಯದಾಯಿತು.

"ಯಾಕಕ್ಕ ಆ ರಿಪೇರಿಯವನನ್ನ ಕರೆಸಿದ್ರಿ?" ಎಂದು ಕೇಳಿದಳು.

"ಇನ್ನೇನು ಮಾಡ್ಲಿ? ಹೋದ ತಿಂಗಳು ಒಬ್ಬರು ಕೇಳಿದ್ರು, ಇದು ನಕ್ಷತ್ರವೋ ನಿಮ್ಮ ಗಾಜಿನ ಧೂಳೋ ಅಂತ. ಮಾನ ಹೋಯ್ತು ನಂದು! ಮೂರೂ ಟೆಲಿಸ್ಕೋಪು ತೊಳೀಲಿ. ಹತ್ತು ದಿನ ಇರ್ತಾನೆ. ನಿನ್ನನ್ನೇನು ನುಂಗಲ್ಲ."

ಅವನು ಹಗಲೆಲ್ಲ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಕನ್ನಡಿಯನ್ನು ಎಳೆಮಗುವಿನಂತೆ ಟಬ್ಬಿನಲ್ಲಿಳಿಸಿ, ಹತ್ತಿಯ ಉಂಡೆಯನ್ನು ಅದರ ಭಾರದಲ್ಲೇ ಎಳೆದು, ಒಮ್ಮೆ ಎಳೆದದ್ದನ್ನು ಎಸೆದು ಹೊಸದನ್ನು ತೆಗೆದುಕೊಳ್ಳುತ್ತಿದ್ದ. ಸಂಜೆ ಕರೆಯದೆಯೇ ಬೆಟ್ಟದಲ್ಲಿ ಉಳಿಯುತ್ತಿದ್ದ. ವಯಸ್ಸಾದವರಿಗೆ ಸ್ಟೂಲು ಹಿಡಿಯುವುದು, ಮೊಬೈಲ್ ಬೆಳಕು ಹಚ್ಚಿದವರನ್ನು ನಯವಾಗಿ ಗದರುವುದು...

ಅವಳು ದಿನವೂ ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಮನಸ್ಸು ಎಲ್ಲಿರುತ್ತಿತ್ತೋ.

ಆರನೇ ಸಂಜೆ ಚಳಿಗೆ ಅವಳ ದನಿ ಕೂತುಹೋಯಿತು. ಅವನು ಮುಂದೆ ಬಂದ.

"ಶನಿ ಹೆಗಲೇರಿದೆ ಅಂತ ಯಾರ್ಯಾರು ಗೋಳಾಡ್ತಿದ್ದೀರೋ, ಒಬ್ಬೊಬ್ಬರಾಗಿ ಬನ್ನಿ. ಎಷ್ಟು ದೂರ ಇದೆ ಅಂತ ನೀವೇ ನೋಡ್ಕೊಳ್ಳಿ. ಅಷ್ಟು ದೂರದಿಂದ ಹೆಗಲೇರೋಕೆ ಅದಕ್ಕೂ ಸುಸ್ತಾಗಲ್ವಾ?"

ಜನ ನಕ್ಕರು. ಅವಳೂ ನಕ್ಕುಬಿಟ್ಟಳು! ಮರುಕ್ಷಣವೇ ಬಾಯಿ ಮುಚ್ಚಿಕೊಂಡಳು, ಯಾರದೋ ವಸ್ತು ಕೈಜಾರಿ ಒಡೆದ ಹಾಗೆ.

ಜನ ಇಳಿದು ಹೋದ ಮೇಲೆ ಅವಳಿಗೊಂದು ಕೆಲಸ ಉಳಿಯುತ್ತಿತ್ತು. ಒಬ್ಬೊಬ್ಬರ ಕಣ್ಣಿಗೂ ಫೋಕಸ್ ಬೇರೆ ಬೇರೆ. ಹಾಗಾಗಿ ಬಂದವರೆಲ್ಲ ಗುಂಡಿಯನ್ನು ತಮ್ಮ ಕಣ್ಣಿಗೆ ತಿರುಗಿಸಿಕೊಂಡು ನೋಡಿ ಹೋಗಿರುತ್ತಿದ್ದರು. ಅವಳು ಅದನ್ನು ಮತ್ತೆ ಕೆಂಪು ಚುಕ್ಕೆಗೆ ತಂದು ನಿಲ್ಲಿಸುತ್ತಿದ್ದಳು.

ಗಂಡನ ಕನ್ನಡಕ ಸೋಡಾ ಬಾಟಲಿಯ ತಳದಂತಿತ್ತು. ಆಕಾಶ ನೋಡುವಾಗ ಅದನ್ನು ತೆಗೆದಿಟ್ಟು, ಕತ್ತಲಲ್ಲಿ ಗುಂಡಿಗಾಗಿ ತಡಕಾಡುತ್ತಿದ್ದ. "ಕುರುಡಪ್ಪ, ಇಲ್ಲಿ ನಿಲ್ಲಿಸು, ಸಾಕು" ಎಂದು ಅವಳೇ ಆ ಚುಕ್ಕೆ ಇಟ್ಟಿದ್ದಳು. ಅವಳ ಕಣ್ಣು ಚೆನ್ನಾಗಿತ್ತು. ಆ ಚುಕ್ಕೆಯಲ್ಲಿ ಅವಳಿಗೆ ನಕ್ಷತ್ರಗಳು ಕಾಣುತ್ತಿರಲಿಲ್ಲ. ಹತ್ತಿಯ ಉಂಡೆಯಂಥ ಮಂಜು ಕಾಣುತ್ತಿತ್ತು.

ಎರಡು ವರ್ಷದಿಂದ ದಿನವೂ ಆ ಮಂಜನ್ನೇ ನೋಡುತ್ತಿದ್ದಳು. ಅವನ ಕಣ್ಣಿದ್ದ ಜಾಗದಲ್ಲಿ ತನ್ನ ಕಣ್ಣಿಟ್ಟು.

ಕನ್ನಡಿಯವನು ದೂರದಿಂದ ಅದನ್ನು ಕಂಡಿದ್ದ. ಏನೂ ಕೇಳಿರಲಿಲ್ಲ.

ಹತ್ತನೇ ದಿನ ದೊಡ್ಡ ಟೆಲಿಸ್ಕೋಪಿಗೆ ಕನ್ನಡಿ ಮರಳಿತು. ಅಂದು ಬಂದವರು ಕಣ್ಣು ತೆಗೆಯಲೊಲ್ಲರು. "ಅಬ್ಬಾ!" ಎಂಬ ಉದ್ಗಾರಗಳು. ಅವರು ಹೋದ ಮೇಲೆ ಅವಳು ಗುಂಡಿಯನ್ನು ಚುಕ್ಕೆಗೆ ತಂದಳು. ಕಣ್ಣಿಟ್ಟಳು.

ಸೂಜಿಮೊನೆಯಂಥ ನಕ್ಷತ್ರ! ಒಂದಲ್ಲ, ನೂರು. ಎಲ್ಲ ಚೂಪು, ಎಲ್ಲ ನಿಚ್ಚಳ.

ಮತ್ತೆ ನೋಡಿದಳು. ಚುಕ್ಕೆ ಚುಕ್ಕೆಯ ಜಾಗದಲ್ಲೇ ಇತ್ತು. ಮಂಜು ಮಾತ್ರ ಇರಲಿಲ್ಲ.

"ಏನು ಮಾಡಿದ್ರಿ ಇದಕ್ಕೆ?"

ಸ್ಟೂಲು ಮಡಿಸುತ್ತಿದ್ದವನ ಮುಖ ಅರಳಿತು. "ಗೊತ್ತಾಯ್ತಾ? ಕನ್ನಡಿ ಬಿಚ್ಚಿ ಕೂರಿಸಿದ್ರೆ ಹಳೇ ಗುರುತು ಸುಳ್ಳಾಗುತ್ತೆ. ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಆದ್ರೆ ನೀವು ದಿನಾ ಆ ಚುಕ್ಕೆಗೆ ತರ್ತೀರಿ, ಅದು ನಿಮ್ಮ ಗುರುತು ಅನ್ಕೊಂಡೆ. ನೋಡಿದ್ರೆ ಅಲ್ಲಿ ಎಲ್ಲ ಮಂಜು ಮಂಜು! ಕನ್ನಡಿ ಜಾರಿದೆ ಅಂತ ಬುಡದ ಬೋಲ್ಟುಗಳನ್ನ ತಿರುಗಿಸಿ, ಅರ್ಧ ದಿನ ಕೂತು ಸರಿಯಾಗಿ ಆ ಚುಕ್ಕೆಗೇ..."

"ಅದು ನನ್ನ ಗುರುತಲ್ಲ!"

ಅವನು ಸ್ಟೂಲನ್ನು ಕೆಳಗಿಟ್ಟ.

"ನನ್ನ ಗಂಡಂದು. ಅವರ ಕಣ್ಣಿಂದು. ಅದೊಂದೇ ಉಳಿದಿತ್ತು ನಂಗೆ... ಅದನ್ನೂ ಒರೆಸಿ ಹಾಕಿದ್ರಲ್ಲ!"

"ನಂಗೆ ಗೊತ್ತಿರ್ಲಿಲ್ಲ..."

"ಕೇಳಬೇಕಿತ್ತು. ಒಂದು ಮಾತು ಕೇಳೋಕೆ ಏನಾಗಿತ್ತು? ನಾಳೆ ಹೊರಟುಬಿಡಿ."

ಅಳು ಬರಬಹುದೆಂದು ಕಾದಳು. ಬರಲಿಲ್ಲ. ದಣಿವು ಮಾತ್ರ ಬಂತು, ಎಂದಿನಂತೆ. ಟಾರ್ಚು ಕೂಡ ಹಚ್ಚದೆ ಇಳಿದು ಹೋದಳು.

ಮರುದಿನವಿಡೀ ಕೋಣೆ ಬಿಟ್ಟು ಹೊರಬರಲಿಲ್ಲ. ಸಂಜೆ ಅಕ್ಕ ಬಾಗಿಲು ತಟ್ಟದೆ ಒಳಬಂದಳು.

"ಎದ್ದೇಳು. ಎಂಟು ಗಂಟೆಗೆ ಹದಿನಾಲ್ಕು ಜನ ಬರ್ತಾರೆ. ನಿನ್ನ ಕನ್ನಡಿಯವನು ಹೋದ."

"ನನ್ನವನಲ್ಲ."

"ಸರಿ, ನನ್ನವನು! ಬೆಳಗ್ಗೆಯಿಂದ ಊಟ ಬಿಟ್ಟು ಸ್ಪ್ಯಾನರ್ ಹಿಡಿದು ಕೂತಿದ್ದ. ತಾನು ಕಟ್ಟಿದ್ದನ್ನ ತಾನೇ ಕೆಡವೋ ಮನುಷ್ಯನ್ನ ಇವತ್ತೇ ನೋಡಿದ್ದು ನಾನು." ಬಾಗಿಲಲ್ಲಿ ಒಂದು ಕ್ಷಣ ನಿಂತಳು. "ನಿನ್ನ ಗಂಡ ನಂಗೆ ತಮ್ಮ ಕಣೇ. ನಾನೂ ಅವನನ್ನ ಕಳ್ಕೊಂಡಿದ್ದೀನಿ. ಆದ್ರೆ ದಿನಾ ಇಬ್ಬರನ್ನ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಅವಳು ಎದ್ದಳು. ಚಪ್ಪಲಿ ಮೆಟ್ಟಿ ಬೆಟ್ಟ ಹತ್ತಿದಳು.

ಶೆಡ್ಡಿನಲ್ಲಿ ಟೆಲಿಸ್ಕೋಪಿಗೆ ಚೀಟಿ ಅಂಟಿಸಿತ್ತು. 'ಮೂರು ಬೋಲ್ಟು, ಒಂದೊಂದು ಮೂರು ಸುತ್ತು ಹಿಂದಕ್ಕೆ ತಿರುಗಿಸಿದ್ದೇನೆ. ಚುಕ್ಕೆ ಮೊದಲಿದ್ದ ಹಾಗೇ ಇದೆ. ಕೇಳಬೇಕಿತ್ತು. ಕ್ಷಮಿಸಿ.'

ಹೊರಗೆ ಆಗತಾನೆ ಮೊದಲ ನಕ್ಷತ್ರ ಮೂಡಿತ್ತು. ಟೆಲಿಸ್ಕೋಪನ್ನು ಗಾಲಿಗಳ ಮೇಲೆ ಅಂಗಳಕ್ಕೆ ತಳ್ಳಿ, ಅದರತ್ತ ತಿರುಗಿಸಿದಳು. ಗುಂಡಿಯನ್ನು ಚುಕ್ಕೆಗೆ ತಂದಳು.

ಮಂಜು. ಅದೇ ಹತ್ತಿಯ ಉಂಡೆ. ಕನ್ನಡಿಯವನು ಚೀಟಿಯಲ್ಲಿ ಬರೆದಂತೆ ಎಲ್ಲವನ್ನೂ ಹಿಂದಿರುಗಿಸಿದ್ದ.

ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ನಿನ್ನೆ ಇಲ್ಲೇ ಕಂಡ ಸೂಜಿಮೊನೆಗಳು ಕಣ್ಣೊಳಗೆ ಉಳಿದಿದ್ದವು.

ಆಗ ಹೊಳೆಯಿತು... ಎಷ್ಟು ಸರಳವಾದ ಮಾತು! ಎರಡು ವರ್ಷ ಹೊಳೆಯದೇ ಹೋಗಿತ್ತಲ್ಲ!

*ಅವರು ಈ ಮಂಜನ್ನ ಒಂದು ದಿನವೂ ನೋಡಿಲ್ಲ.*

ಈ ಚುಕ್ಕೆಯಲ್ಲಿ ಗಂಡನಿಗೆ ಕಂಡದ್ದು ನಿಚ್ಚಳ ನಕ್ಷತ್ರ. ಅದಕ್ಕೆಂದೇ ಅಲ್ಲವೇ ಗುರುತು ಇಟ್ಟದ್ದು? ಮಂಜು ಅವಳೊಬ್ಬಳದೇ. ಅವನು ಕಂಡದ್ದು ನಿನ್ನೆಯ ರಾತ್ರಿ ಅವಳಿಗೆ ಕಂಡದ್ದೇ ಆಗಿತ್ತು. ಅದನ್ನು ತೋರಿಸಿದವನನ್ನೇ ಅವಳು ಓಡಿಸಿದ್ದಳು.

ಗುಂಡಿಯನ್ನು ನಿಧಾನವಾಗಿ ತಿರುಗಿಸಿದಳು. ಚುಕ್ಕೆ ಸರಿಯಿತು. ಮಂಜು ಕುಗ್ಗಿ, ಕುಗ್ಗಿ, ಒಂದು ಮೊನೆಯಾಯಿತು.

"ಕುರುಡಿ ನಾನೇ ಕಣೋ" ಅಂದಳು. ಆಗ ಅಳು ಬಂತು.

ಊರು ಬಿಡುವವರು ಹತ್ತುವ ಜೀಪ್ ನಿಲ್ದಾಣಕ್ಕೆ ಓಡುವಾಗ ಚಪ್ಪಲಿಯ ಪಟ್ಟಿ ಕಿತ್ತಿತು. ಕೊನೆಯ ಜೀಪು ಇನ್ನೂ ನಿಂತಿತ್ತು. ಹತ್ತು ಜನ ತುಂಬದೆ ಅದು ಹೊರಟದ್ದೇ ಇಲ್ಲ.

"ಬನ್ನಿ ಮೇಡಂ, ಒಂಬತ್ತು ಜನ ಆಗಿದ್ದಾರೆ. ನೀವು ಹತ್ತನೆಯವರು!" ಡ್ರೈವರು ಹುರುಪಿನಿಂದ ಬಾಗಿಲು ತೆಗೆದ.

"ಹತ್ತೋಕೆ ಬಂದಿಲ್ಲ. ಒಬ್ಬರನ್ನ ಇಳಿಸ್ಕೊಳ್ಳೋಕೆ ಬಂದೆ."

"ಅಯ್ಯೋ ದೇವರೇ! ಎಂಟಾದ್ರೆ ನಾವು ಹೊರಡೋದು ಯಾವಾಗ?"

ಹಿಂದಿನ ಸೀಟಿನಲ್ಲಿ ಸ್ಪ್ಯಾನರ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಕುಳಿತಿದ್ದವನು ತಲೆಯೆತ್ತಿದ. ಅವಳ ಕೈಯಲ್ಲಿದ್ದ ಕಿತ್ತ ಚಪ್ಪಲಿ ನೋಡಿದ.

"ಹೊಡೆಯೋಕೆ ತಂದ್ರಾ?"

"ಇಳೀರಿ ಮೊದಲು."

ಅವನು ಇಳಿದ. ಇಬ್ಬರೂ ರಸ್ತೆಯ ಅಂಚಿನಲ್ಲಿ ನಿಂತರು.

"ಬೋಲ್ಟು ಸರಿಯಾಗಿ ಕೂತಿದೆಯಾ?" ಅವನೇ ಮೊದಲು ಕೇಳಿದ.

"ಕೂತಿದೆ. ಆಮೇಲೆ ಗುಂಡಿ ನಾನೇ ತಿರುಗಿಸ್ದೆ."

"ಯಾಕೆ?"

"ಅವರು ನೋಡ್ತಿದ್ದದ್ದನ್ನ ನೋಡಬೇಕಿತ್ತು." ಅವಳು ಉಸಿರು ಎಳೆದುಕೊಂಡಳು. "ನಂಗೆ ಅವರನ್ನ ಮರೆಯೋಕಾಗಲ್ಲ. ಮೊದಲೇ ಹೇಳಿಬಿಡ್ತೀನಿ."

"ಮರೀಬೇಡಿ. ಆ ಚುಕ್ಕೆ ಅಲ್ಲೇ ಇರ್ಲಿ. ಗುಂಡಿ ಸುತ್ತ ಇನ್ನೂ ಜಾಗ ಇದೆಯಲ್ಲ."

ಎಷ್ಟೋ ದಿನಗಳ ಮೇಲೆ ಅವಳು ಒಬ್ಬರ ಮುಖವನ್ನು ಪೂರ್ತಿ ನೋಡಿದಳು.

"ನಂಗೆ ತುಂಬ ಸುಸ್ತಾಗಿದೆ ರೀ... ಒಬ್ಬಳೇ ಇದ್ದು."

"ಗೊತ್ತು. ಮೊದಲ ದಿನ ಬೈದಾಗ್ಲೇ ಗೊತ್ತಾಯ್ತು. ನಂಗೆ ಹೋಗೋಕೆ ಮನಸ್ಸಿರ್ಲಿಲ್ಲ. ಇಲ್ಲಿ ಕೂತು, ಹತ್ತನೆಯವರು ಯಾರೂ ಬರದೇ ಇರ್ಲಿ ಅಂತಿದ್ದೆ."

ಅವಳು ಪೆಟ್ಟಿಗೆಯ ಹಿಡಿಯ ಒಂದು ಬದಿ ಹಿಡಿದಳು. ಇನ್ನೊಂದು ಬದಿ ಅವನು ಹಿಡಿದ. ಬರಿಗಾಲಲ್ಲಿ ಅವಳು, ಅವಳ ನಡಿಗೆಗೆ ತಕ್ಕಂತೆ ಅವನು, ಬೆಟ್ಟದ ದಾರಿ ಹಿಡಿದರು.

"ನಿಮ್ಮ ಕಣ್ಣಿಗೂ ಒಂದು ಗುರುತು ಇಡ್ತೀನಿ" ಅಂದಳು. "ಯಾವ ಬಣ್ಣ?"

"ಗುರುತು ಬೇಡ."

"ಯಾಕೆ?"

"ಗುರುತಿದ್ರೆ ಒಬ್ಬನೇ ನೋಡ್ಕೊಂಡು ಹೋಗಿಬಿಡ್ತೀನಿ. ದಿನಾ ನೀವೇ ತಿರುಗಿಸಿ. ಕಾಣ್ತಾ, ಇನ್ನೂ ಇಲ್ವಾ ಅಂತ ಕೇಳ್ತಾ ಇರಿ."

"ಕಾಣ್ಸಿದ್ರೂ ಇಲ್ಲ ಅಂತೀರಿ, ಅಲ್ವಾ?"

"ಸ್ವಲ್ಪ ಹೊತ್ತು" ಅಂದ ಅವನು.