ಅಜ್ಜಿಯ ಹಸಿರು ಕಂಬ

“ಆ ಉದ್ದನ್ನ ಹಸರ ಕಂಬ ಯಾರದವಾ, ಮಧೂ?”

ಚನ್ನಜ್ಜಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲಿಂದಲೇ ಕತ್ತು ಚಾಚಿ ಕೇಳಿದಳು. ಮಧುಮತಿ ಆಗಷ್ಟೇ ಗೋಡೆಗೆ ಚಾರ್ಟ್ ಅಂಟಿಸಿದ್ದಳು. ಕೈಯೆಲ್ಲ ಗೋಂದು, ಮೂಗಿನ ತುದಿಗೆ ಸ್ಕೆಚ್ ಪೆನ್ನಿನ ಹಸಿರು.

“ನಿಂದ ಅಜ್ಜಿ.”

“ಎಲ್ಲಾರಕಿಂತ ನಂದ ಉದ್ದ ಐತಲ್ಲ!”

ಅಜ್ಜಿಗೆ ಹಿಡಿಸಲಾರದಷ್ಟು ಖುಷಿ. ಪಕ್ಕದ ಮನೆಯ ಕಾಶೀಂಬಿಯನ್ನು ಕೂಗಿ ಕರೆದು ತೋರಿಸಿದಳು. ಅಜ್ಜಿಗೆ ಓದು ಬರುತ್ತಿರಲಿಲ್ಲ, ಕಾಶೀಂಬಿಗೂ ಬರುತ್ತಿರಲಿಲ್ಲ. ಇಬ್ಬರೂ ಸೇರಿ ಆ ಕಂಬವನ್ನು ಹೊಗಳಿದ್ದೇ ಹೊಗಳಿದ್ದು.

ಮಧು ಪೇಚಿಗೆ ಸಿಕ್ಕಿಬಿದ್ದಳು. ಆರನೇ ಕ್ಲಾಸಿನ ಅನ್ನಪೂರ್ಣಾ ಟೀಚರ್ ಬಾರ್ ಗ್ರಾಫ್ ಪ್ರಾಜೆಕ್ಟ್ ಕೊಟ್ಟಿದ್ದರು. ಮನೆಯ ಯಾವುದಾದರೂ ತೊಂದರೆಯನ್ನು ಎಣಿಸಿ, ಗ್ರಾಫ್ ಮಾಡಿ, ಅದು ಕಡಿಮೆಯಾಗುವ ದಾರಿ ಹುಡುಕಬೇಕು. ಮಧುವಿನ ಮನೆಯಲ್ಲಿ ಮೂರು ಮಗ್ಗ. ಅಪ್ಪ, ಅವ್ವ, ಅಜ್ಜಿ ಮೂವರೂ ಸೀರೆ ನೇಯುತ್ತಾರೆ. ನೇಯುವಾಗ ಎಳೆ ಹರಿದರೆ ಕೆಲಸ ನಿಲ್ಲಿಸಿ ಗಂಟು ಹಾಕಬೇಕು. ಇದಕ್ಕಿಂತ ದೊಡ್ಡ ತೊಂದರೆ ಆ ಮನೆಯಲ್ಲಿ ಬೇರೆ ಇರಲಿಲ್ಲ.

ಅದಕ್ಕೇ ಮಧು ಪ್ರತಿ ಮಗ್ಗದ ಪಕ್ಕ ಒಂದೊಂದು ಖಾಲಿ ಡಬ್ಬಿ ಇಟ್ಟಿದ್ದಳು. ಒಂದು ಎಳೆ ಹರಿದರೆ ಡಬ್ಬಿಗೆ ಒಂದು ಹುಣಸೆಬೀಜ ಹಾಕಬೇಕು. ಅಜ್ಜಿ ಒಂದನ್ನೂ ಬಿಡದೆ ಹಾಕಿದ್ದಳು. ಆ ಬೀಜಗಳೇ ಹೀಗೆ ಹಸಿರು ಕಂಬವಾಗಿ ನಿಂತಿವೆ ಎಂದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಅಪ್ಪ ಅಂದಾನೆಪ್ಪನಿಗೆ ಓದು ಬರುತ್ತಿತ್ತು. ಸಂಜೆ ಚಾರ್ಟಿನ ಮುಂದೆ ನಿಂತು ಒಮ್ಮೆ ಓದಿದ, ಇನ್ನೊಮ್ಮೆ ಓದಿದ.

“ಎವ್ವಾ, ಇದು ಎಳಿ ಹರದ ಲೆಕ್ಕ. ನಮ್ಮಿಬ್ಬರವು ಕೂಡಿದ್ರೂ ನಿನ್ನಷ್ಟ ಆಗಂಗಿಲ್ಲ. ಕಣ್ಣ ಮಂಜಾಗ್ಯಾವ ನಿನ್ನವು. ಇನ್ನ ನೇಯೂದು ಸಾಕ.”

ಅಪ್ಪ ಸಿಟ್ಟಿನಿಂದ ಹೇಳಲಿಲ್ಲ. ಆದರೂ ಅಜ್ಜಿಯ ಮುಖ ಸಪ್ಪಗಾಯಿತು. ಲಾಳಿ ಕೆಳಗಿಟ್ಟು, ಸೆರಗಿನಿಂದ ಮಗ್ಗ ಒರೆಸಿ, ಕುಣಿಯಿಂದ ಮೇಲೆದ್ದಳು.

ಮರುದಿನದಿಂದ ಅಜ್ಜಿ ಮೂಲೆಯಲ್ಲಿ ಕೂತು ರಾಟಿ ತಿರುವುತ್ತ ನೂಲು ಸುತ್ತತೊಡಗಿದಳು. ನೇಯುವಾಗ ಗುಣುಗುಣು ಎಂದು ಹಾಡಿಕೊಳ್ಳುತ್ತಿದ್ದವಳು ಈಗ ತುಟಿ ಬಿಚ್ಚಲಿಲ್ಲ. ಮಧುವಿನ ಗ್ರಾಫಿಗೆ ಟೀಚರ್ ವೆರಿ ಗುಡ್ ಕೊಟ್ಟಿದ್ದರು. ಅದನ್ನು ಮನೆಯಲ್ಲಿ ಯಾರಿಗೂ ತೋರಿಸಲು ಅವಳಿಗೆ ಮನಸ್ಸಾಗಲಿಲ್ಲ.

ಅಜ್ಜಿ ಅರ್ಧಕ್ಕೆ ಬಿಟ್ಟ ಸೀರೆಯನ್ನು ಮುಗಿಸಲು ಅವ್ವ ಆ ಮಗ್ಗಕ್ಕೆ ಇಳಿದಳು. ಅವತ್ತು ಭಾನುವಾರ. ಮಧು ಊಟ ಮಾಡಿ ಅಲ್ಲೇ ಅಡ್ಡಾಗಿದ್ದಳು.

“ಥೂ, ಮತ್ತ ಹರೀತು,” ಎಂದಳು ಅವ್ವ.

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು. ಮಧು ದಡಕ್ಕನೆ ಎದ್ದು ಕೂತಳು. ಅವ್ವನ ಕಣ್ಣು ಚೆನ್ನಾಗಿಯೇ ಇದೆಯಲ್ಲ! ಸೂಜಿಗೆ ದಾರ ಪೋಣಿಸಲು ಓಣಿಯವರೆಲ್ಲ ಅವ್ವನ ಹತ್ತಿರವೇ ಬರುತ್ತಾರೆ.

ಅವಳು ಮತ್ತೆ ಡಬ್ಬಿಗಳನ್ನು ತಂದಳು. ಈ ಸಲ ಅವುಗಳ ಮೇಲೆ ಯಾರ ಹೆಸರನ್ನೂ ಬರೆಯಲಿಲ್ಲ. ಮುಂಜಾನೆ, ಮಧ್ಯಾಹ್ನ, ಸಂಜೆ ಎಂದು ಬರೆದು ಮೂರನ್ನೂ ಅಜ್ಜಿಯ ಮಗ್ಗದ ಪಕ್ಕವೇ ಇಟ್ಟಳು. ಅವ್ವ ಗೊಣಗುತ್ತಲೇ ಬೀಜ ಹಾಕಿದಳು. ಎರಡು ದಿನ ಬಿಟ್ಟು ಮಧು ಹೊಸ ಗ್ರಾಫ್ ಬರೆದಳು. ಮುಂಜಾನೆಯ ಕಂಬ ಗಿಡ್ಡ, ಸಂಜೆಯದೂ ಗಿಡ್ಡ, ಮಧ್ಯಾಹ್ನದ್ದು ಮಾತ್ರ ಹಾಳೆ ದಾಟಿ ಹೋಗುವ ಹಾಗಿತ್ತು.

ಮಧ್ಯಾಹ್ನ ಅಲ್ಲಿ ಅಂಥದ್ದೇನಾಗುತ್ತದೆ? ನೋಡಿಯೇ ಬಿಡೋಣವೆಂದು ಮಧು ರಜೆಯ ದಿನ ಬಿಸಿಲೇರಿದ ಮೇಲೆ ಅಜ್ಜಿಯ ಜಾಗದಲ್ಲಿ ಹೋಗಿ ಕೂತಳು. ಎದುರಿಗೆ ಕಿಟಕಿ. ಕಿಟಕಿಯಾಚೆ ಗಜೇಂದ್ರಗಡದ ಗುಡ್ಡ, ಗುಡ್ಡದ ಮೇಲೆ ಸಾಲಾಗಿ ನಿಂತ, ಕರೆಂಟು ತಯಾರಿಸುವ ಗಾಳಿ ಫ್ಯಾನುಗಳು. ಮುಂಜಾನೆ ಶಾಲೆಗೆ ಹೋಗುವಾಗ ತೂಕಡಿಸುತ್ತ ನಿಂತಿರುತ್ತಿದ್ದ ಅವು ಈಗ ಗರಗರ ತಿರುಗುತ್ತಿದ್ದವು. ಅಷ್ಟರಲ್ಲಿ ಬಿಸಿ ಗಾಳಿ ಬಂದು ಅವಳ ಕೆನ್ನೆಗೆ ಬಡಿಯಿತು.

“ಅಪ್ಪಾ, ಲಗೂ ಬಾ. ಗುಡ್ಡದ ಫ್ಯಾನ್ ತಿರಗಾಕತ್ತಾವ.”

“ಅವು ಇರೂದ ತಿರಗಾಕವಾ,” ಎಂದ ಅಪ್ಪ. ಆದರೂ ಎದ್ದು ಬಂದ. ಮಧು ಗ್ರಾಫ್ ತೋರಿಸಿ, ಎಳೆಗಳನ್ನು ಮುಟ್ಟಿ ನೋಡಲು ಹೇಳಿದಳು. ಅಪ್ಪ ಮೊದಲು ಅಜ್ಜಿಯ ಮಗ್ಗದ ಎಳೆಗಳ ಮೇಲೆ ಕೈಯಾಡಿಸಿದ, ಆಮೇಲೆ ಕಿಟಕಿಯಿಂದ ದೂರವಿದ್ದ ತನ್ನ ಮಗ್ಗದವನ್ನು ಮುಟ್ಟಿದ, ಮತ್ತೆ ಅಜ್ಜಿಯ ಮಗ್ಗಕ್ಕೇ ಬಂದ.

“ಒಣಗಿ ಕಡ್ಡಿ ಆಗ್ಯಾವ ಇವು. ಹರೀಲಾರದ ಏನ್ಮಾಡ್ತಾವ?”

ಕಿಟಕಿ ಮುಚ್ಚಿದರೆ ಅಜ್ಜಿಗೆ ಬೆಳಕಿಲ್ಲ. ಆ ಬೆಳಕಿಗಾಗಿಯೇ ಅವಳು ಅಲ್ಲಿ ಕೂರುತ್ತಿದ್ದುದು. ಏನು ಮಾಡುವುದೆಂದು ಅಪ್ಪ ತಲೆ ಕೆರೆದುಕೊಳ್ಳುತ್ತಿರುವಾಗ ಮಧು ಒಳಗೆ ಓಡಿದಳು. ಅಪ್ಪನ ತೆಳ್ಳನೆಯ ಬಿಳಿ ಧೋತ್ರವನ್ನು ನೀರಲ್ಲಿ ಅದ್ದಿ, ಹಿಂಡಿ ತಂದು ಕಿಟಕಿಗೆ ಕಟ್ಟಿದಳು. ಬೆಳಕು ಒಳಗೆ ಬಂತು. ಗಾಳಿಯೂ ಬಂತು, ಆದರೆ ತಣ್ಣಗೆ ಬಂತು.

“ಲಗ್ನಕ್ಕ ಉಡಾಕಂತ ಇಟ್ಟಿದ್ದೆ ಅದನ್ನ,” ಎಂದ ಅಪ್ಪ ಸಣ್ಣ ದನಿಯಲ್ಲಿ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಮೂಲೆಗೆ ಹೋಗಿ ಅಜ್ಜಿಯ ಕೈಯಿಂದ ರಾಟಿ ತಗೊಂಡ. “ಏಳಬೇ, ಎವ್ವಾ. ನಿನ್ನ ಮಗ್ಗಕ್ಕ ನೀನ ಬೇಕು.”

ಮುಂದಿನ ವಾರ ಹುಣಸೆಬೀಜಗಳು ಡಬ್ಬಿಯ ತಳ ಬಿಟ್ಟು ಏಳಲಿಲ್ಲ. ಮಧು ಬರೆದ ಹೊಸ ಚಾರ್ಟಿನಲ್ಲಿ ಹಸಿರು ಕಂಬ ಅಪ್ಪನದಕ್ಕಿಂತಲೂ ಗಿಡ್ಡವಾಗಿತ್ತು. ಅಜ್ಜಿ ಅದನ್ನು ಬಹಳ ಹೊತ್ತು ನೋಡಿದಳು.

“ಚಲೋ ಆತು ಖರೆ. ಆದ್ರ ಉದ್ದ ಇದ್ದಾಗ ಭಾಳ ಚಂದ ಕಾಣತಿತ್ತವಾ,” ಎಂದು ಹೇಳಿ ಎಳೆಗಳ ನಡುವೆ ಲಾಳಿ ಎಸೆದಳು. ಗುಣುಗುಣು ಹಾಡು ಮತ್ತೆ ಶುರುವಾಯಿತು. ಮಧುವಿನ ಜೀವ ತಂಪಾಯಿತು.

ಶಾಲೆಯಲ್ಲಿ ಟೀಚರ್ ಗುಂಪುಗಳಿಗೆ ಹೊಸ ಗ್ರಾಫ್ ಕೊಟ್ಟರು. ಕ್ಲಾಸಿಗೆ ತಡವಾಗಿ ಬರುವುದು ಹೇಗೆ ಕಡಿಮೆಯಾಗಬೇಕು? ಮಧುವಿನ ಗುಂಪಿನಲ್ಲಿ ಗೆಳತಿ ಜುಲೇಖಾ ಹಾಜರಿ ನೋಡಿ ಒಬ್ಬೊಬ್ಬರಿಗೆ ಒಂದೊಂದು ಕಂಬ ಬರೆದಳು. ಎಲ್ಲಕ್ಕಿಂತ ಎತ್ತರದ್ದು ಬಸ್ಯಾನದು. ಅವನು ಮುಶಿಗೇರಿ ಎಂಬ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗ. ಅದೇ ಗುಂಪಿನಲ್ಲಿ ತಲೆ ತಗ್ಗಿಸಿ ಕೂತು ಚಪ್ಪಲಿಯ ಬಾರು ಎಳೆದಾಡುತ್ತಿದ್ದ.

ಜುಲೇಖಾ ಕೆಂಪು ಪೆನ್ನಿನಿಂದ ಆ ಕಂಬ ತುಂಬಲು ಹೊರಟಳು. ಕೆಳಗೆ ಪೆನ್ಸಿಲಿನಲ್ಲಿ ಅವನ ಹೆಸರು ಆಗಲೇ ಬಿದ್ದಿತ್ತು.

“ತಡಿ, ಜುಲೇಖಾ,” ಎಂದಳು ಮಧು. ಕಂಪಾಸಿನಿಂದ ರಬ್ಬರ್ ತೆಗೆದು ಆ ಹೆಸರನ್ನು ಅಳಿಸಿದಳು. ಆಮೇಲೆ ಅವನ ಕಡೆ ತಿರುಗಿದಳು.

“ಬಸ್ಯಾ, ನಿಮ್ಮೂರ ಬಸ್ಸು ದಿನಾ ಎಷ್ಟೊತ್ತಿಗೆ ಬರತೈತೋ?”

ಬಸ್ಯಾ ಚಪ್ಪಲಿಯ ಬಾರು ಬಿಟ್ಟು ತಲೆಯೆತ್ತಿದ.